ಸಮಸಂಖ್ಯೆಯ ಲೆಕ್ಕ

ಪುಸ್ತಕದ ಕೊನೆಗೆ ಬೆಸಸಂಖ್ಯೆಯವಕ್ಕಷ್ಟೇ ಉತ್ತರ.
ಹದಿನಾಲ್ಕನೆಯದು ಮೂರು ದಿನದಿಂದ
ರಸೀದಿ ಬುಕ್ಕಿನ ಬೆನ್ನಿಗೆ ಅಂಟಿಕೊಂಡಿದೆ:
ಸ್ಪ್ರಿಂಗಿಗೆ ನೇತುಬಿದ್ದ ಗುಂಡು, ಎಣ್ಣೆಯೊಳಗೆ.
ನನ್ನ ಉತ್ತರದಲ್ಲಿ ಅದು ನಿಲ್ಲುವುದೇ ಇಲ್ಲ,
ಜೀಕು ಬೆಳೆದು ಬೆಳೆದು
ಕಲಬುರಗಿ ದಾಟಿ ಹೋಗುತ್ತದೆ.

ಯಾರನ್ನು ಕೇಳಲಿ?
ಗಂಜಿನ ಈ ಕಾಟಾ ಕೋಣೆಯಲ್ಲಿ
ನಾನು, ಫ್ಯಾನು, ತೊಗರಿಹೊಟ್ಟಿನ ಧೂಳು.
ಗೋಡೆಗೊಂದು ಕ್ಯಾಲೆಂಡರು,
ಅದಕ್ಕೂ ಬರೀ ತಾರೀಖು ಗೊತ್ತು.

ಸೇಡಂ ಲಾರಿ ತಟ್ಟೆ ಏರಿತು.
ಕೆಂಪು ಅಂಕಿ ನೆಗೆಯಿತು, ಕುಸಿಯಿತು,
ಮತ್ತೆ ತುಸು ಮೇಲೆ,
ತುಸುವಿನಲ್ಲೂ ತುಸು ಕೆಳಗೆ...
ಅಯ್ಯೋ, ಘಾತದ ಮುಂದೆ
ನಾನು ನುಂಗಿದ ಮೈನಸ್ಸು!

"ಎಷ್ಟ್ ಬಂತವ್ವಾ, ಜಗದೇವಿ?"
"ತಡೀರಿ ಖಾಜಾಚಾಚಾ, ಇನ್ನಾ ಸಾಯ್ಲತ್ತದ."

ಅವರು ಗಾಬರಿಯಿಂದ ಕೆಳಗಿಳಿದು
ಎಂಜಿನ್ನಿಗೆ ಕಿವಿ ಹಚ್ಚಿದರು.