ಏಳನೇ ನಂಬರಿನ ಕಬ್ಬಿಣ

ಬಂದರಿನ ಅಬ್ಬೋನು ಕಾಕನ ಗುಜರಿಯಲ್ಲಿ
ಮುರಿದ ಲಂಗರು, ಫ್ರಿಜ್ಜಿನ ಬಾಗಿಲುಗಳ ನಡುವೆ
ಬಿದ್ದುಕೊಂಡಿತ್ತು ಇದು. ತಲೆಯ ಬುಡದಲ್ಲಿ ಏಳು ಎಂದು ಕೆತ್ತಿತ್ತು.
ತಕ್ಕಡಿಗೆ ಹಾಕಿದರೆ ಅರ್ಧ ಕಿಲೋ ಇಲ್ಲ.
ಇಪ್ಪತ್ತು ರೂಪಾಯಿ ಕೊಟ್ಟು ಮನೆಗೆ ತಂದು
ಹಿಡಿಗೆ ಸೈಕಲ್ ಟ್ಯೂಬು ಸೀಳಿ ಸುತ್ತಿದೆ.

ರಾತ್ರಿ ಪಾಳಿ, ಐಸ್ ಪ್ಲಾಂಟಿನಲ್ಲಿ.
ಬೆಳಗ್ಗೆ ಕೊನೆಯ ಗಡ್ಡೆ ಜಾರಿಸಿ
ಅಮೋನಿಯಾ ನಾರುವ ಅಂಗಿಯಲ್ಲೇ
ದೋಣಿ ಹತ್ತಿ ಬೆಂಗ್ರೆಗೆ.
ಹೊಳೆ ದಾಟಲು ಹೊತ್ತೆಷ್ಟು? ಒಂದು ಬೀಡಿಯಷ್ಟು.
ಬೀಡಿ ಬಿಟ್ಟು ವರ್ಷವಾಯಿತು;
ಆ ದುಡ್ಡೇ ಈಗ ಚೆಂಡು.

ಐದಿವೆ. ಎಲ್ಲ ಯಾರೋ ಕಳೆದುಕೊಂಡವು.
ಒಂದರ ಮೇಲೆ ಯಾವುದೋ ಬ್ಯಾಂಕಿನ ಹೆಸರು.
ಅದಕ್ಕೆ ಮಾತ್ರ ಪೆಟ್ಟು ಸ್ವಲ್ಪ ಜೋರು.

ಕಲಿಸುವವರ ಒಂದು ಗಂಟೆಗೆ
ನನ್ನ ನಾಲ್ಕು ರಾತ್ರಿ ಬೇಕು.
ಹಾಗಾಗಿ ನೆರಳನ್ನೇ ಇಟ್ಟುಕೊಂಡೆ.
ಸೂರ್ಯ ಊರಿನ ಕಡೆಯಿಂದ, ಬೆನ್ನಿಗೆ;
ನೆರಳು ಉದ್ದಕ್ಕೆ, ಕಡಲಿನ ಕಡೆಗೆ.
ನೆರಳಿನ ತಲೆ ಬಿದ್ದಲ್ಲಿ ಮರುವಾಯಿ ಚಿಪ್ಪೊಂದನ್ನಿಟ್ಟು
ಕೋಲೆತ್ತುತ್ತೇನೆ.
ತಲೆ ಚಿಪ್ಪು ಬಿಟ್ಟು ಸರಿಯಿತೋ, ಕೆಟ್ಟಿತು.
ಸರಿಯದಿದ್ದರೆ ಚೆಂಡು ಅಳಿವೆಬಾಗಿಲ ದಿಕ್ಕಿಗೆ
ಅಂಗಡಿಗೆ ಕಳಿಸಿದ ಮಗುವಿನ ಹಾಗೆ ನೆಟ್ಟಗೆ.
ಇಷ್ಟು ತಿಳಿಯಲು ಹನ್ನೊಂದು ತಿಂಗಳು.
ಯಾರಾದರೂ ಹೇಳಿದ್ದರೆ ಹನ್ನೊಂದು ನಿಮಿಷ.

ಮೀನು ಒಣಹಾಕುವ ಕುಸುಮಕ್ಕ ಮೊದಮೊದಲು ನಗುತ್ತಿದ್ದಳು:
“ಎಂಚಿನ ಮಾರಾಯಾ, ಕಡಲು ಗುಡಿಸುತ್ತಾ ಇದ್ದೀಯಾ?”
ಮರಳು ಹಾರಿ ನಂಗಿನ ಮೇಲೆ ಬಿದ್ದ ದಿನ ಬೈದಳು.
ಆಮೇಲೆ, ಯಾಕೋ, ಲೆಕ್ಕ ಇಡತೊಡಗಿದಳು.
ಹೂತಿಟ್ಟ ಕರಟದಿಂದ ಚೆಂಡಿನವರೆಗೆ
ತನ್ನ ಹೆಜ್ಜೆಯಲ್ಲಿ ಅಳೆದು ಕೂಗುವುದು:
ಹದಿನಾಲ್ಕು! ಒಂಬತ್ತು! ಇಪ್ಪತ್ತು, ನಾಚಿಕೆಗೇಡು!
ಒಂದು ದಿನ ಹತ್ತಿರ ಬಂದು ಹೇಳಿದಳು:
“ಚೆಂಡಿಗೆ ಯಾಕೆ ಹೊಡೆಯುತ್ತಿ?
ಬಲೆ ಕೊಡಹುವಾಗ ನಾವು ಮೀನು ಮುಟ್ಟುತ್ತೇವಾ?
ಹಿಂದಿನ ಮರಳಿಗೆ ಹೊಡಿ.”
ಹೊಡೆದೆ.
ಒಂದು ಹಿಡಿ ಮರಳೆದ್ದಿತು, ಅದರೊಳಗೆ ಚೆಂಡೂ ಎದ್ದಿತು,
ಬೆಳ್ಳಗೆ, ಅವಸರವಿಲ್ಲದೆ.
ಅವಳು ಆಗಲೇ ಮೀನಿನ ಹತ್ತಿರ ಹೋಗಿಯಾಗಿತ್ತು.

ಜೂನಿನಲ್ಲಿ ಬೋಟುಗಳು ದಡಕ್ಕೆ, ಸಂಬಳ ಅರ್ಧಕ್ಕೆ.
ಬಾಡಿಗೆ ಕೋಣೆಯ ಕಾವಿ ನೆಲದಲ್ಲಿ
ಅಡ್ಡ ಮಲಗಿಸಿದ ಲೋಟಕ್ಕೆ ಕೊಡೆಯಿಂದ ಚೆಂಡು ತಳ್ಳಿದೆ,
ಕೆಳಗಿನ ಲಿಲ್ಲಿಬಾಯಿ ಮಾಡಿಗೆ ಕೋಲು ಕುಟ್ಟುವವರೆಗೆ.

ಡಿಸೆಂಬರಿನ ಒಂದು ಮಂಗಳವಾರ
ಬಿಸ್ಕತ್ತು ಡಬ್ಬಿ ಬರಿದು ಮಾಡಿ ಪಿಲಿಕುಳಕ್ಕೆ ಹೋದೆ.
ಕೇಳಿ ತಂದ ಬೂಟು, ಒಂದು ನಂಬರು ದೊಡ್ಡದು.
ಹುಲ್ಲು! ಎಲ್ಲಿ ನೋಡಿದರೂ ಹುಲ್ಲು.
ಕಾಲು ಹೂತುಹೋಗದೆ ಭಯವಾಯಿತು.
ಜೊತೆಗೆ ಹಾಕಿದವರು ಒಬ್ಬ ಡಾಕ್ಟರು, ಒಬ್ಬ ಗೋಡಂಬಿ ಸಾಹುಕಾರ.
“ಬ್ಯಾಗೆಲ್ಲಿ?” ಎಂದರು. “ಇದೇ” ಎಂದು ಕೋಲು ತೋರಿಸಿದೆ.
ಮೊದಲ ಗುಂಡಿಗೆ ಹನ್ನೊಂದು ಹೊಡೆತ.
ಎರಡನೆಯದ್ದು ಬರೆದುಕೊಳ್ಳಲಿಲ್ಲ.

ಆರನೆಯದರಲ್ಲಿ ಮೂವರ ಚೆಂಡೂ ಮರಳಿಗೆ ಬಿತ್ತು.
ಡಾಕ್ಟರು ನಾಲ್ಕು ಸಲ ಹೊಡೆದು, ಐದನೆಯದನ್ನು ಕೈಯಲ್ಲೇ ಎಸೆದರು.
ಸಾಹುಕಾರರು ಕೊಂಕಣಿಯಲ್ಲಿ ಏನೋ ಗೊಣಗಿದರು.
ನಾನು ಬೂಟು ಕಳಚಿದೆ.
ಹೊಳೆಮರಳು, ತುಸು ದಪ್ಪ. ಆದರೂ ಮರಳು ಮರಳೇ.
ನೆರಳು ಹುಡುಕಿದೆ. ನಡುಮಧ್ಯಾಹ್ನ,
ಕಾಲಬುಡದಲ್ಲಿ ಮುದುಡಿ ಕೂತಿತ್ತು,
ಚಿಪ್ಪಿಡಲೂ ಜಾಗವಿಲ್ಲದಷ್ಟು.
ಸರಿ ಹಾಗಾದರೆ, ಎಂದುಕೊಂಡು
ಬಲೆ ಕೊಡಹಿದೆ.

“ಯಾರ ಹತ್ತಿರ ಕಲಿತದ್ದು?” ಡಾಕ್ಟರು ಕೇಳಿದರು.
ನಾನು ಬಾವುಟದ ಹತ್ತಿರ ಹೋಗಿ
ಸಣ್ಣ ಹೆಜ್ಜೆಗಳಲ್ಲಿ ಅಳೆಯುತ್ತಿದ್ದೆ.
ಉಳಿದ ಆ ಎರಡು ಹೆಜ್ಜೆಗೆ
ಮತ್ತೆ ಮೂರು ಹೊಡೆತ ತಗೊಂಡೆ, ಅದು ಬೇರೆ ಮಾತು.

ಮರುದಿನ ದೋಣಿ ಇಳಿಯುವಾಗಲೇ ಕೂಗಿದೆ: “ಎರಡು!”
“ಯಾರ ಹೆಜ್ಜೆ?”
“ನಿನ್ನದೇ.”
ಕುಸುಮಕ್ಕ ಒಂದು ನಂಗನ್ನು ಮಗುಚಿ ಹಾಕಿ,
ಅದರ ಮೇಲಿನ ಮರಳು ಊದಿದಳು.