ಮಾರ್ಚಿನ ಹಾಳೆ

ಖಾನಾಪುರದ ಸ್ಟೇಶನ್ ರೋಡಿನಲ್ಲಿ
ಪೆರಾನ್ಸಿಬಾಯಿಯ ಪಾವಿನ ಭಟ್ಟಿ.
ಗಲ್ಲೆಯ ಹಿಂದೆ, ಮೊಳೆಗೆ ನೇತುಬಿದ್ದು
ಎಂದೋ ಮುಗಿದ ವರ್ಷದ ಕ್ಯಾಲೆಂಡರು.
ಹಡಗಿನಲ್ಲಿ ಅಡಿಗೆ ಮಾಡುತ್ತಿದ್ದ ಕೈತಾನ
ಲಿಸ್ಬನ್ ಬಂದರಿನಿಂದ ತಂದದ್ದು.
ಆಮೇಲೆ ಬೇರೆ ಕ್ಯಾಲೆಂಡರು ಬರಲಿಲ್ಲ,
ಕೈತಾನನೂ.

ಹನ್ನೆರಡು ತಿಂಗಳಿಗೆ ಹನ್ನೆರಡು ಚಿತ್ರ,
ಎಲ್ಲ ಒಂದೇ ಊರಿನವು.
ನಮ್ಮ ನಂದಗಡಕ್ಕಿಂತ ಸಣ್ಣದು ಎನ್ನುವಳು ಬಾಯಿ,
ಹೋಗಿ ಬಂದವಳ ಹಾಗೆ.
ಹೆಸರು ಒಮ್ಮೆ ಮೊಂತಾಲ್ವ,
ಇನ್ನೊಮ್ಮೆ ಮೊಂತಾವ್ಲ,
ಉದ್ರಿ ಬೆಳೆದವರ ಮುಂದೆ ಬರೀ ‘ಆ ಊರು’.

ಬೆಳಿಗ್ಗೆ ಆರಕ್ಕೆ ಕೈಚೀಲ ಹಿಡಿದು
ಪಾವು ಬೇಯುವ ತನಕ ನಿಂತವರು ನಾವು,
ಆ ಊರಿನಲ್ಲೇ ಬೆಳೆದೆವು.
ಜನವರಿಯ ಕೋಟೆ ಹತ್ತಿ
ಫೆಬ್ರುವರಿಯ ಬಾವಿಕಟ್ಟೆಗೆ ಇಳಿದು
ಏಪ್ರಿಲಿನ ಇಗರ್ಜಿಯ ನೀಲಿ ಬಿಲ್ಲೆಗಳನ್ನು ಕಣ್ಣಲ್ಲೇ ಸವರಿ
ಆಗಸ್ಟಿನ ಸೇತುವೆಯ ಮೇಲಿಂದ ಉಗುಳಿ
ನೀರು ಮುಟ್ಟುವ ತನಕ ಎಣಿಸಿದೆವು.
ಅಕ್ಟೋಬರಿನಲ್ಲಿ ಒಬ್ಬ ಮುದುಕಿ
ಕಿಟಕಿಯಿಂದ ಅರ್ಧ ಮೈ ಚಾಚಿ
ಬೀದಿಗೆ ಬಾದಲಿ ಕವುಚಿದ್ದಳು.
ನೀರು ಇನ್ನೂ ನೆಲ ಮುಟ್ಟಿರಲಿಲ್ಲ.
ಪರಶ್ಯಾ ದಿನಾ ಕೇಳುತ್ತಿದ್ದ:
‘ಬಿತ್ತೇನೋ?’

ಇತಿಹಾಸ ಬೇಕೆಂದರೆ ಬಾಯಿಯನ್ನು ಕೇಳಬೇಕು,
ಉದ್ದ ಸಲಿಕೆಯಿಂದ ತಟ್ಟೆ ಎಳೆಯುವಾಗ.
ಕೋಟೆ ಕಟ್ಟಿಸಿದ್ದು ಒಬ್ಬ ರಾಣಿಯಂತೆ,
ಗಂಡನ ಮೇಲಿನ ಸಿಟ್ಟಿಗೆ.
ಬುಧವಾರ ಕೇಳಿದರೆ ರಾಣಿಯ ಸುದ್ದಿಯೇ ಇಲ್ಲ,
ಭೂಕಂಪವಾಗಿ ಬಿದ್ದದ್ದು, ಕುರುಬರು ಕಲ್ಲು ಹೊತ್ತದ್ದು.
‘ಅವರೂ ಚಾವಿಗೆ ಚಾವಿ ಅಂತಾರಂತ,
ಸ್ವಲ್ಪ ಮೂಗಿನಾಗ.
ಪಗಾರ ಅಂದ್ರೂ ತಿಳೀತೈತಿ.
ಪಗಾರ ಆಗ್ಲಿಲ್ಲ ಅಂದ್ರ ಏನಂತಾರೋ,
ಅದನ್ನ ಕೈತಾನ ಹೇಳ್ಲಿಲ್ಲ.’

ಐದನೇ ಇಯತ್ತೆಯಲ್ಲಿ ಕಕ್ಕೇರಿಮಠ ಮಾಸ್ತರು
‘ನಮ್ಮೂರು’ ನಿಬಂಧ ಬರೆಯಿರಿ ಎಂದರು.
ನಾನು ಬರೆದೆ:
ನಮ್ಮೂರಿಗೆ ಕೋಟೆ ಇದೆ, ಏಳು ಬುರುಜು.
ಸೇತುವೆಗೆ ಐದು ಕಮಾನು.
ಇಗರ್ಜಿಯ ಗೋಡೆಯ ಮೇಲೆ ನೀಲಿ ಕುದುರೆಗಳು ಓಡುತ್ತವೆ.
ನೋಡತಕ್ಕ ಸ್ಥಳಗಳು ಹನ್ನೊಂದು.

ಮಾಸ್ತರು ಛಡಿ ಎತ್ತಲಿಲ್ಲ.
ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.
‘ಹನ್ನೊಂದ್ ಯಾಕೋ? ಹನ್ನೆರಡನೇದು ಎಲ್ಲಿ?’
ಅವರೂ ಅಲ್ಲೇ ಪಾವು ಕೊಳ್ಳುವವರು.

ಮಾರ್ಚು ಹರಿದಿತ್ತು.
ಯಾವುದೋ ಗಡಿಬಿಡಿಯಲ್ಲಿ, ರದ್ದಿ ತೀರಿದ ದಿನ
ಅರ್ಧ ಡಜನ್ ಪಾವು ಅದರಲ್ಲೇ ಸುತ್ತಿ
ಲೋಂಡಾ ಗಾಡಿಗೆ ಓಡುವವನ ಕೈಗೆ ಕೊಟ್ಟಿದ್ದಳು.
ಅದರಾಗ ಏನಿತ್ತು ಬಾಯಿ?
‘ಸಂತಿ’ ಎಂದಳು. ಮರುದಿನ, ‘ಹೊಳಿ.’
ಎಷ್ಟೋ ದಿನದ ಮೇಲೆ, ಯಾರೂ ಕೇಳದೆ,
ಹಿಟ್ಟು ನಾದುತ್ತ, ಹಿಟ್ಟಿಗೇ ಹೇಳಿದಂತೆ:
‘ನಾನೂ ಸರಿಯಾಗಿ ನೋಡಿದ್ದಿಲ್ಲ.
ಇದ್ದೇ ಇರತೈತಿ ಅಂತ ತಿಳಕೊಂಡಿದ್ನಿ.’

ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ.
ಹೆಸರಿನ ಸರಿ ಅಕ್ಷರ ಗೊತ್ತಿದ್ದರೆ
ಆ ಊರು ಬೆರಳ ತುದಿಯಲ್ಲಿ ಸಿಕ್ಕೀತು.
ನಾನು ಹುಡುಕಿಲ್ಲ.

ಹೋಳಿ ಕಳೆದ ವಾರ
ಅಪ್ಪ ದುಡಿದ ಹಂಚಿನ ಭಟ್ಟಿಯ ಬಾಯಿ ಒಡೆಯುತ್ತಾರೆ.
ಒಳಗಿಂದ ಕೆಂಪು ಬರುತ್ತದೆ, ಬಿಸಿ ಆರದೆ,
ಸಿಂಬೆ ಇಟ್ಟ ತಲೆಗಳ ಮೇಲೆ ಸಾಲಾಗಿ.
ಹೊಗೆ ಮಲಪ್ರಭೆ ದಾಟಲೋ ಬೇಡವೋ ಎಂದು
ಸೇತುವೆಯ ಹತ್ತಿರ ನಿಲ್ಲುತ್ತದೆ.
ಮೈಯೆಲ್ಲ ಬೂದಿಯಾದ ಒಬ್ಬ ಹುಡುಗ
ಕಟ್ಟೆಯ ಮೇಲೆ ಕೂತು ಪಾವು ತಿನ್ನುತ್ತಾನೆ.
ಮೇಲಿನ ಮನೆಯ ಕಿಟಕಿ ತೆರೆದು
ಯಾರೋ ಮುದುಕಿ ಬಾದಲಿ ಕವುಚುತ್ತಾಳೆ.

ಬಿತ್ತೋ ಪರಶ್ಯಾ.
ಸದ್ದು ಕೇಳಿತು.