ಎಣ್ಣೆಯ ಮುಚ್ಚಳ

ಶೇವಡಾಫುಲಿ ಸ್ಟೇಷನ್ನಿನ ಮೇಲ್ಸೇತುವೆಯ ಕೆಳಗೆ
ನನ್ನ ಬಾಣಲೆ.
ಸಂಜೆ ನಾಲ್ಕಕ್ಕೆ ಒಲೆ ಹಚ್ಚಿದರೆ
ಹತ್ತರ ಲೋಕಲ್ ಹೋಗುವವರೆಗೂ
ಬದನೆ ಬೋಂಡ, ಈರುಳ್ಳಿ ಬೋಂಡ, ಆಲೂಗಡ್ಡೆಯದು.
ಇಲ್ಲಿ ಎಣ್ಣೆಯ ಲೆಕ್ಕ ಡಬ್ಬಗಳಲ್ಲಿ.
ಇಪ್ಪತ್ತು ವರ್ಷದಿಂದ ಆ ಬಾಣಲೆಗೆ
ನೀರೆಂದರೆ ಏನೆಂದೇ ಗೊತ್ತಿಲ್ಲ.

ಮನೆಯಲ್ಲಿ ಬೇರೆ ಲೆಕ್ಕ.
ಮಿನತಿ ನರ್ಸಿಂಗ್ ಹೋಮಿನಲ್ಲಿ ರಾತ್ರಿಪಾಳಿಯ ಆಯಾ.
ಯಾರದೋ ಕೆಮ್ಮಿನ ಔಷಧಿ ಮುಗಿದ ಬಾಟಲಿಯಿಂದ
ಒಂದು ಪ್ಲಾಸ್ಟಿಕ್ ಮುಚ್ಚಳ ತಂದಳು,
ಕುದಿನೀರಲ್ಲಿ ಅದ್ದಿ ತೊಳೆದು
ಸಾಸಿವೆ ಎಣ್ಣೆಯ ಸೀಸೆಯ ಪಕ್ಕ ಇಟ್ಟಳು:
"ಇಬ್ಬರಿಗೆ, ಒಂದು ಹೊತ್ತಿಗೆ, ಇಷ್ಟು."
ನನ್ನ ರಕ್ತದ ವರದಿಯನ್ನು ಅದಾಗಲೇ ಅವಳು
ಕರೆಂಟು ಬಿಲ್ಲಿನ ಹಾಗೆ ಮಡಿಸಿ ಡಬ್ಬಿಗೆ ಹಾಕಿದ್ದಳು.
ಎಣ್ಣೆ ಬಂದಾಗ ಕಣ್ಣು ಮುಚ್ಚಬಾರದು ಅಂತಾರೆ;
ಮುಚ್ಚಳದಷ್ಟೇ ಬಂದರೆ
ಕಣ್ಣು ಕಿರಿದು ಮಾಡಿ ಹುಡುಕಬೇಕು.

ನಾನು ಬರುವ ಹೊತ್ತಿಗೆ ಅವಳು ಹೋಗಿರುತ್ತಾಳೆ.
ಅಡಿಗೆ ನನ್ನದು.
ನಾನು ಉಣ್ಣುವುದು ರಾತ್ರಿ, ಅವಳು ಬೆಳಿಗ್ಗೆ,
ಒಂದೇ ಪಾತ್ರೆಯಿಂದ.

ಮೊದಲ ವಾರ ಕುಂಬಳ ತಳ ಹಿಡಿಯಿತು.
ಬಾಳೆಕಾಯಿ ಒಳಗೆ ಹಸಿ, ಹೊರಗೆ ಇದ್ದಿಲು.
ಊರಿಗೆಲ್ಲ ಕರಿದು ಹಾಕುವ ಗೋಷ್ಠೋ
ಮನೆಯಲ್ಲಿ ಒಂದು ಪಲ್ಯ ಬೇಯಿಸಲಾರದೆ
ಸೌಟು ಹಿಡಿದು ನಿಂತಿದ್ದ.

ಕಲಿಸಿದ್ದು ಸೋರೆಕಾಯಿ.
ಸಣ್ಣಗೆ ಹೆಚ್ಚಿ,
ಚಿಟಿಕೆ ಕರಿಜೀರಿಗೆ, ಸೀಳಿದ ಒಂದು ಹಸಿಮೆಣಸು,
ಉಪ್ಪು ಹಾಕಿ ತಟ್ಟೆ ಮುಚ್ಚಿ
ಬೀಡಿ ಹಚ್ಚಲು ಹೊರಗೆ ಹೋದೆ.
ಬಂದು ನೋಡಿದರೆ
ಹನಿ ನೀರು ಹಾಕದವನ ಪಾತ್ರೆಯಲ್ಲಿ
ಸೋರೆ ತನ್ನ ನೀರಿನಲ್ಲೇ ತಾನು ಮುಳುಗಿ
ಗುಳುಗುಳು ಎನ್ನುತ್ತಿತ್ತು,
ನಿದ್ದೆಯಲ್ಲಿ ಮಾತಾಡುವ ಮಗುವಿನ ಹಾಗೆ.
ಎಣ್ಣೆಯ ಕೂಗಾಟ ಕೇಳಿ ಕೇಳಿ ಕಿವುಡಾದ ನನಗೆ
ಇದೂ ಬೇಯುವ ಸದ್ದೇ ಎಂದು ತಿಳಿಯಲು
ಐವತ್ತೆರಡು ವರ್ಷ ಬೇಕಾಯಿತು.

ಆಮೇಲೆ ಹೀರೇಕಾಯಿ, ಒಂದು ಚಮಚ ಗಸಗಸೆ ಅರೆದು.
ಸಿಪ್ಪೆ ಬಿಸಾಡಬೇಡ ಎಂದಳು,
ಅದಕ್ಕೂ ಒಂದು ದಿನ ಬಂತು.
ಭಾನುವಾರ ಶುಕ್ತೊ:
ಹಾಗಲ, ನುಗ್ಗೆ, ಗೆಣಸು, ಶುಂಠಿ,
ಇಳಿಸುವ ಮುಂಚೆ ಅರ್ಧ ಲೋಟ ಹಾಲು.
ನಮ್ಮಲ್ಲಿ ಊಟಕ್ಕೆ ಮೊದಲು ಕಹಿ ಬಡಿಸುವುದು.
ಅಮ್ಮ ಬಡಿಸುವಾಗ ತಟ್ಟೆಯ ಅಂಚಿಗೆ ತಳ್ಳುತ್ತಿದ್ದೆ;
ಈಗ ನಾನೇ ಮಾಡಿ ನಾನೇ ತಳ್ಳುವುದು ಹೇಗೆ?

ಕದ್ದಿಲ್ಲವೆಂದಲ್ಲ.
ಮಳೆ ಸುರಿದು ವ್ಯಾಪಾರ ಕೆಟ್ಟ ಒಂದು ರಾತ್ರಿ
ಬದನೆಯ ಮೇಲೆ ಎರಡನೆಯ ಮುಚ್ಚಳ ಸುರಿದೆ.
ಆಹಾ, ಅದರ ಮೈ ಹೊಳೆದ ರೀತಿ!
ಬೆಳಿಗ್ಗೆ ಮಿನತಿ ಉಂಡಳು, ಏನೂ ಅನ್ನಲಿಲ್ಲ.
ಪಾತ್ರೆ ತೊಳೆಯುವಾಗ ಮಾತ್ರ
ಬೆರಳಿನಿಂದ ಅದರ ಒಳಮೈ ಸವರಿ
ಬೆರಳನ್ನು ಬೆಳಕಿಗೆ ಹಿಡಿದಳು.
ಮಾರನೆಯ ರಾತ್ರಿ ಮುಚ್ಚಳದ ಅರ್ಧಕ್ಕೆ
ಒಂದು ಕೆಂಪು ಗೆರೆ.
ನೇಲ್ ಪಾಲಿಶ್. ಅವಳ ಬಳಿ ಅದಿತ್ತೆಂದೇ
ನನಗೆ ಗೊತ್ತಿರಲಿಲ್ಲ.

ಗಿರಾಕಿ ಹುಡುಗರು ಕೇಳುತ್ತಾರೆ:
"ಗೋಷ್ಠೋದಾ, ಮನೇಲೂ ದಿನಾ ಬೋಂಡಾನೇನಾ?"
"ಹಾಗಲಕಾಯಿ" ಅನ್ನುತ್ತೇನೆ.
ನಗುತ್ತಾರೆ. ಇನ್ನೆರಡು ಕಟ್ಟಿ ಕೊಡಿ ಅನ್ನುತ್ತಾರೆ.
ಕಟ್ಟಿ ಕೊಡುತ್ತೇನೆ. ಕಾಗದ ಒದ್ದೆಯಾಗುತ್ತದೆ.
ಅವರ ವಯಸ್ಸಿಗೆ ಬೇಡವೆನ್ನಲು
ನನಗೆ ಬಾಯಿಲ್ಲ, ಬಾಡಿಗೆಯಿದೆ.

ಹಿಟ್ಟು ಮಾರುತ್ತೇನೆ, ಸದ್ದು ಮಾರುತ್ತೇನೆ,
ಅಂಗಿಗೆ ಹತ್ತಿದ ವಾಸನೆಯನ್ನು
ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿ
ಒಳಗೆ ಬರುತ್ತೇನೆ.

ಇವತ್ತು ಅವಳಿಗೆ ರಜೆ.
ಇಬ್ಬರೂ ಒಟ್ಟಿಗೆ ಕೂತು ಉಂಡೆವು,
ಪಾಲಕ್, ಮೂಲಂಗಿ, ನಾಲ್ಕು ಬೇಳೆಯ ವಡಿ.
ಕೆಂಪು ಗೆರೆಯವರೆಗೆ, ಒಂದು ಕೂದಲೂ ಮೇಲಿಲ್ಲ.
ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದಳು,
ನಾಲ್ಕು ಬೆರಳು ಆಡಿಸಿದಳು, ಬೋರಲು ಹಾಕಿದಳು.
ಸೋಪಿನ ಡಬ್ಬಿ ಅಲ್ಲೇ ಇತ್ತು.
ಅವಳು ಅದರ ಕಡೆ ನೋಡಲಿಲ್ಲ.